ಅರಿಸ್ಟಾಟಲ್ ಹೇಳಿದ ನಡುದಾರಿ

‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆಯನ್ನೇ ಅರಿಸ್ಟಾಟಲ್ ಗ್ರೀಕ್ ಭಾಷೆಯಲ್ಲಿ ಹೇಳಿದ್ದಾನೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದನ್ನೇ ನಂಬಿ ಅವನ ನೀತಿಶಾಸ್ತ್ರದ ಗ್ರಂಥ ‘ನಿಕೊಮೇಕಿಯನ್ ಎಥಿಕ್ಸ್’ ಓದಲು ಕೂತವರು, ಅದರ 10 ಭಾಗಗಳಲ್ಲಿ ಎರಡನೆಯದಕ್ಕೆ ಬರುವಷ್ಟರಲ್ಲೇ ದಾರಿ ತಪ್ಪುತ್ತಾರೆ. ಅತಿ ಮತ್ತು ಕೊರತೆ ಎಂಬ ಎರಡು ತುದಿಗಳ ನಡುವೆ ಸದ್ಗುಣ ಇದೆ ಅನ್ನುತ್ತಾನೆ ನಿಜ, ಆದರೆ ಎಲ್ಲದರಲ್ಲೂ ಅರ್ಧಕ್ಕೆ ನಿಲ್ಲು ಅಂತ ಅವನು ಎಲ್ಲೂ ಹೇಳಿಲ್ಲ.

ಅವನೇ ಕೊಡುವ ಲೆಕ್ಕ ನೋಡಿ. ಮಿನಾ ಅಂದರೆ ಆ ಕಾಲದ ಒಂದು ತೂಕ. 10 ಮಿನಾ ಊಟ ಅತಿಯಾಯಿತು, 2 ಮಿನಾ ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಗಣಿತದ ಪ್ರಕಾರ ಮಧ್ಯ 6. ಆದರೆ ಗರಡಿಯ ಗುರು ಎಲ್ಲರಿಗೂ 6 ಮಿನಾ ಬಡಿಸುವುದಿಲ್ಲ. ಹೆಸರಾಂತ ಜಟ್ಟಿ ಮೈಲೋಗೆ ಅದು ಸಾಲದು, ಈಗಷ್ಟೇ ಗರಡಿಗೆ ಬಂದವನಿಗೆ ಅದೇ ಹೆಚ್ಚು. ಸದ್ಗುಣದ ‘ನಡು’ ಕೂಡ ಹೀಗೆಯೇ: ಆಳು, ಹೊತ್ತು, ಸಂದರ್ಭ ನೋಡಿ ಜಾಗ ಬದಲಿಸುತ್ತದೆ.

ಕೋಪವನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ನಾಲ್ಕನೇ ಭಾಗದಲ್ಲಿ ಅವನು ಅದನ್ನು ಬಿಡಿಸಿಟ್ಟಿರುವ ರೀತಿ ಅಪರೂಪದ್ದು. ಕೋಪವೇ ತಪ್ಪು ಅನ್ನುವವನಲ್ಲ ಅವನು. ತನ್ನವರಿಗೆ ಅವಮಾನವಾದಾಗಲೂ ಸುಮ್ಮನಿರುವುದು ಗುಲಾಮನ ಲಕ್ಷಣ ಎಂದು ನೇರವಾಗಿ ಬರೆಯುತ್ತಾನೆ. ಅವನು ಕೇಳುವ ಪ್ರಶ್ನೆಗಳು ಐದು: ಯಾರ ಮೇಲೆ, ಯಾವ ಕಾರಣಕ್ಕೆ, ಯಾವ ರೀತಿ, ಯಾವಾಗ, ಎಷ್ಟು ಹೊತ್ತು? ಇವುಗಳಲ್ಲಿ ಒಂದು ಹಳಿ ತಪ್ಪಿದರೂ ಕೋಪ ಕೆಡುತ್ತದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು ತಪ್ಪು ಜನರ ಮೇಲೆ, ಬೇಡದ ವಿಷಯಕ್ಕೆ ಸಿಡಿಯುತ್ತಾರೆ. ಆದರೆ ಅಲ್ಲೇ ಕಕ್ಕಿಬಿಡುವುದರಿಂದ ಬೇಗ ತಣ್ಣಗಾಗುತ್ತಾರೆ. ಅದು ಅವರ ಒಳ್ಳೆಯ ಭಾಗ. ಒಳಗೇ ಕುದಿಯುವವರ ಪಾಡು ಬೇರೆ. ಕೋಪ ಹೊರಗೆ ಕಾಣದ ಕಾರಣ ಯಾರೂ ಬಂದು ಸಮಾಧಾನ ಹೇಳುವುದಿಲ್ಲ, ಒಬ್ಬರೇ ಅದನ್ನು ಅರಗಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಇಂಥವರು ತಮಗೂ ತಮ್ಮ ಆಪ್ತರಿಗೂ ಅತಿ ಹೆಚ್ಚು ಹೊರೆ ಎನ್ನುತ್ತಾನೆ. ಮೇಲುನೋಟಕ್ಕೆ ಶಾಂತವಾಗಿ ಕಾಣುವವರನ್ನೇ ಅವನು ಇಲ್ಲಿ ಗುರುತಿಸಿದ್ದಾನೆ, ಗಮನಿಸಿ.

ಸರಿಪಡಿಸಿಕೊಳ್ಳುವುದು ಹೇಗೆ? ಎರಡನೇ ಭಾಗದ ಕೊನೆಯಲ್ಲಿ ಉಪಾಯಗಳಿವೆ. ಎರಡು ತುದಿಗಳಲ್ಲಿ ಯಾವುದು ಸದ್ಗುಣಕ್ಕೆ ಹೆಚ್ಚು ವಿರುದ್ಧವೋ ಮೊದಲು ಅದರಿಂದ ದೂರ ಸರಿಯಬೇಕು. ಧೈರ್ಯಕ್ಕೆ ದುಡುಕಿಗಿಂತ ಹೇಡಿತನವೇ ದೂರದ್ದು, ಹಾಗಾಗಿ ಹೇಡಿತನದಿಂದ ಮೊದಲು. ಆಮೇಲೆ ನಮ್ಮ ಸ್ವಂತ ಒಲವು ಯಾವ ಕಡೆಗಿದೆ ಎಂದು ಕಂಡುಕೊಳ್ಳಬೇಕು. ಯಾವುದು ಖುಷಿ ಕೊಡುತ್ತದೆ, ಯಾವುದು ಸಂಕಟ ತರುತ್ತದೆ ಎಂಬುದೇ ಅದರ ಗುರುತು. ಗೊತ್ತಾದ ಮೇಲೆ ಎದುರು ದಿಕ್ಕಿಗೆ ಬಲವಾಗಿ ಎಳೆಯಬೇಕು, ಡೊಂಕು ಮರವನ್ನು ನೆಟ್ಟಗೆ ಮಾಡುವವರ ಹಾಗೆ. ಬಹುತೇಕರು ಎಡವುವುದು ಇಲ್ಲೇ: ಸೀದಾ ನಡುವಿಗೇ ಗುರಿಯಿಟ್ಟು ಎಳೆಯುತ್ತಾರೆ, ಕೈಬಿಟ್ಟ ಕೂಡಲೇ ಮರ ಮತ್ತೆ ಹಳೆಯ ಡೊಂಕಿಗೇ ಮರಳುತ್ತದೆ. ಕೈ ಬಿಗಿ ಇರುವವರು ಕೆಲವು ದಿನ ತಮಗೆ ದುಂದು ಅನ್ನಿಸುವಷ್ಟು ಕೊಟ್ಟು ನೋಡಬೇಕು. ಮೂರನೆಯ ಎಚ್ಚರಿಕೆ ಸುಖದ ಬಗ್ಗೆ. ಅದರ ವಿಚಾರದಲ್ಲಿ ನಾವು ಯಾರೂ ಪಕ್ಷಪಾತವಿಲ್ಲದ ನ್ಯಾಯಾಧೀಶರಲ್ಲ.

ಈ ಉಪಾಯ ಎಲ್ಲದಕ್ಕೂ ಒಗ್ಗುವುದಿಲ್ಲ. ಕಳ್ಳತನ, ಕೊಲೆ, ವ್ಯಭಿಚಾರ ಇವಕ್ಕೆ ‘ಸರಿಯಾದ ಪ್ರಮಾಣ’ ಅನ್ನುವುದೇ ಇಲ್ಲ.

ಇದೆಲ್ಲ ಓದಿ ತಿಳಿಯುವುದರಿಂದ ಬರುವುದಿಲ್ಲ ಎಂಬುದರಲ್ಲಿ ಅವನು ಕಟ್ಟುನಿಟ್ಟು. ಗ್ರೀಕ್‌ನಲ್ಲಿ ಎಥೊಸ್ ಅಂದರೆ ರೂಢಿ, ಏಥೊಸ್ ಅಂದರೆ ಸ್ವಭಾವ. ಎರಡನೆಯದು ಮೊದಲನೆಯದರಿಂದಲೇ ಹುಟ್ಟಿತು ಎಂದು ತೋರಿಸುತ್ತಾನೆ. (ಹ್ರಸ್ವ ಎ, ದೀರ್ಘ ಏ ಎರಡೂ ನಮ್ಮ ಲಿಪಿಯಲ್ಲಿರುವುದರಿಂದ ಈ ಮಾತು ಕನ್ನಡದಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.) ಲೈರ್ ವಾದ್ಯ ನುಡಿಸುತ್ತ ನುಡಿಸುತ್ತಲೇ ಒಳ್ಳೆಯ ವಾದಕ ತಯಾರಾಗುತ್ತಾನೆ. ಆದರೆ ಕೆಟ್ಟ ವಾದಕನೂ ತಯಾರಾಗುವುದು ನುಡಿಸಿಯೇ. ಬರೀ ಮಾಡಿದರೆ ಸಾಲದು, ಸರಿಯಾಗಿ ಮಾಡಬೇಕು. ಮಾಡುವವನಲ್ಲೂ ಮೂರು ಸಂಗತಿ ಇರಬೇಕು: ಏನು ಮಾಡುತ್ತಿದ್ದೇನೆಂಬ ಅರಿವು, ಆ ಕೆಲಸವನ್ನು ಅದಕ್ಕಾಗಿಯೇ ಆರಿಸಿಕೊಂಡಿರುವುದು, ಅಲುಗಾಡದ ಮನಃಸ್ಥಿತಿ. ಹೊಗಳಿಕೆಗೆಂದು ಕೊಟ್ಟ ದಾನ ಎರಡನೆಯದರಲ್ಲೇ ಸೋಲುತ್ತದೆ. ಮಾತು ಕೇಳಿ ಬದಲಾಗುತ್ತೇವೆಂದು ನಂಬಿದವರನ್ನು ಅವನು, ವೈದ್ಯ ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಅದರಲ್ಲಿ ಒಂದನ್ನೂ ಪಾಲಿಸದ ರೋಗಿಗಳಿಗೆ ಹೋಲಿಸುತ್ತಾನೆ.

ರೂಢಿ ಸ್ವಭಾವವಾಯಿತೇ ಎಂದು ತಿಳಿಯಲು ಅವನ ಬಳಿ ಒಂದು ಪರೀಕ್ಷೆಯಿದೆ. ದೇಹದ ಸುಖದಿಂದ ದೂರವಿದ್ದು ಅದರಲ್ಲೇ ನೆಮ್ಮದಿ ಕಂಡವನು ಸಂಯಮಿ. ದೂರವಿದ್ದೂ ಒಳಗೊಳಗೇ ಕೊರಗುವವನ ಅಭ್ಯಾಸ ಇನ್ನೂ ಮುಗಿದಿಲ್ಲ. ಧೈರ್ಯದ ವಿಷಯದಲ್ಲಿ ಮಾತ್ರ ಅವನು ಸ್ವಲ್ಪ ಸಡಿಲ ಬಿಡುತ್ತಾನೆ: ಭಯಾನಕವಾದದ್ದರ ಎದುರು ನಿಂತವನಿಗೆ ಖುಷಿಯೇ ಆಗಬೇಕೆಂದಿಲ್ಲ, ಸಂಕಟ ಆಗದಿದ್ದರೆ ಸಾಕು.