ಬೇಳೆ ತೊಳೆದ ನೀರು ಮತ್ತು ಕುಂಡದ ನುಸಿ

ಮೇ ತಿಂಗಳ ಒಂದು ರಾತ್ರಿ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆಯವರು ರೊಟ್ಟಿ ಮುರಿದು ಬಾಯಿಗಿಡುವ ಹೊತ್ತಿಗೆ ಎಳ್ಳಿನಷ್ಟು ದೊಡ್ಡ ಕರಿ ನುಸಿಯೊಂದು ತಟ್ಟೆಯ ಅಂಚಿಗೆ ಬಂದು ಕೂತಿತು. ಕೈ ಬೀಸಿದರೆ ದೂರ ಹೋಗಲಿಲ್ಲ. ಒಂದು ಗೇಣು ಎದ್ದು, ಅಡ್ಡಾದಿಡ್ಡಿ ಹಾರಿ, ಮಜ್ಜಿಗೆ ಲೋಟದ ಮೇಲೆ ಕೂತಿತು.

"ಗುಂಗಾಡ ಆಗ್ಯಾವ ನೋಡವ್ವ. ಬತ್ತಿ ಹಚ್ಚು," ಅಂದರು.

ಸೊಳ್ಳೆ ಬತ್ತಿ ಹಚ್ಚಿದೆ. ಮರುದಿನ ಲೋಬಾನದ ಹೊಗೆ ಹಾಕಿದೆ. ಮಗಳು ಸೊಳ್ಳೆ ಬ್ಯಾಟ್ ಹಿಡಿದು ಮನೆತುಂಬ ಓಡಾಡಿದಳು. ಚಟ್ ಚಟ್ ಅಂತ ಸಾಯುತ್ತಿದ್ದವು. ಬೆಳಿಗ್ಗೆ ಎದ್ದರೆ ಮತ್ತೆ ಅಷ್ಟೇ. ಟೇಬಲ್ ಲ್ಯಾಂಪ್ ಕೆಳಗೆ, ಟಿವಿ ಮೇಲೆ, ಚಹಾದ ಕಪ್ಪಿನಲ್ಲಿ. ಮಗಳು ಹತ್ತನೇ ತರಗತಿ. ಓದಲು ಕೂತರೆ ಮೂಗಿನ ಹತ್ತಿರವೇ ಬರುತ್ತಿದ್ದವು. ಮನೆಯಲ್ಲಿ ಎಲ್ಲರಿಗೂ ಡೆಂಗಿ ಹೆದರಿಕೆ ಬೇರೆ. ಕೂಲರ್ ನೀರಲ್ಲಿ ಸೊಳ್ಳೆ ಹುಟ್ಟುತ್ತವೆ ಅನ್ನುವುದು ಗೊತ್ತಿತ್ತು. ಹಾಗಾಗಿ ಅದನ್ನೇ ಎರಡು ಸಲ ಪೂರ್ತಿ ಖಾಲಿ ಮಾಡಿ, ಉಜ್ಜಿ ಒಣಗಿಸಿದೆವು. ಅದು ವಾರಕ್ಕೊಮ್ಮೆ ಮಾಡಲೇಬೇಕಾದ ಕೆಲಸ, ಒಳ್ಳೆಯದೇ ಆಯಿತು. ನುಸಿ ಮಾತ್ರ ಕಡಿಮೆ ಆಗಲಿಲ್ಲ.

ಕೊನೆಗೆ ಅವು ಎಲ್ಲಿಂದ ಬರುತ್ತವೆ ಅಂತ ಕಂಡದ್ದು ಒಂದು ಭಾನುವಾರ ಬೆಳಿಗ್ಗೆ. ಕಸ ಗುಡಿಸುವಾಗ ಮನಿ ಪ್ಲಾಂಟಿನ ಕುಂಡಕ್ಕೆ ಕೈ ತಾಗಿತು. ಮಣ್ಣಿನಿಂದ ಐದಾರು ನುಸಿ ಪುರ್ ಅಂತ ಎದ್ದವು, ಸ್ವಲ್ಪ ಸುತ್ತಾಡಿ ಮತ್ತೆ ಅದೇ ಮಣ್ಣಿಗೆ ಇಳಿದವು.

ನಾನು ಇಲ್ಲಿ ಕಲಬುರಗಿಯಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಬೇಳೆ ಸ್ಯಾಂಪಲ್ ನೋಡುವ ಭೂತಕನ್ನಡಿ ಇದೆ. ಅದನ್ನು ಒಂದು ದಿನಕ್ಕೆ ಮನೆಗೆ ತಂದೆ. ಸತ್ತ ನುಸಿಯೊಂದನ್ನು ಬಿಳಿ ಹಾಳೆ ಮೇಲಿಟ್ಟು ನೋಡಿದೆ. ಉದ್ದ ಕಾಲು, ಮಣಿ ಪೋಣಿಸಿದಂಥ ಮೀಸೆ, ರೆಕ್ಕೆಯ ತುದಿಯ ಹತ್ತಿರ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದ ಒಂದು ಗೆರೆ. ಇದು ಫಂಗಸ್ ನ್ಯಾಟ್. ಕಚ್ಚುವುದಿಲ್ಲ, ಡೆಂಗಿ ತರುವುದಿಲ್ಲ. ಬಾಳೆಹಣ್ಣಿನ ಮೇಲೆ ಕೂರುವ ಕೆಂಪು ಕಣ್ಣಿನ ನುಸಿಯೂ ಇದಲ್ಲ. ಇದರ ಸಂಸಾರವೆಲ್ಲ ಒದ್ದೆ ಮಣ್ಣಿನಲ್ಲಿ.

ನಮ್ಮೂರಿನ ಬೇಸಿಗೆ ಗೊತ್ತಲ್ವಾ, 42, 43 ಡಿಗ್ರಿ. ಇಂಥ ಒಣ ಊರಿನಲ್ಲಿ ಒದ್ದೆ ಮಣ್ಣಿನ ಹುಳ ಹೇಗೆ ಬಂತು? ಅದನ್ನೇ ಎರಡು ದಿನ ಯೋಚಿಸಿದೆ. ಉತ್ತರ ನಮ್ಮ ಮನೆಯಲ್ಲೇ ಇತ್ತು.

ಏಪ್ರಿಲ್‌ನಲ್ಲಿ ಬಾಲ್ಕನಿಯ ಗಿಡಗಳ ಎಲೆ ಸುಡಲು ಶುರುವಾದವು. ಹನ್ನೊಂದು ಕುಂಡಗಳನ್ನೂ ಒಳಗೆ ತಂದು ಕೂಲರ್ ಇರುವ ಕೋಣೆಯಲ್ಲಿ ಇಟ್ಟೆ. ಕೂಲರ್ ಗಾಳಿ ತಂಪು, ಆದರೆ ತೇವದ ಗಾಳಿ. ಕಿಟಕಿಯನ್ನೂ ಅರ್ಧ ಮುಚ್ಚಿದ್ದೆವು. ಬಾಲ್ಕನಿಯಲ್ಲಿ ಒಂದೇ ದಿನಕ್ಕೆ ಒಣಗುತ್ತಿದ್ದ ಮಣ್ಣು ಇಲ್ಲಿ ವಾರವಾದರೂ ಒಣಗಲಿಲ್ಲ. ಅದರ ಮೇಲೆ ಬೇಸಿಗೆ ಅಂತ ಎಲ್ಲರೂ ನೀರು ಹಾಕುವವರೇ. ನಾನು ಬೆಳಿಗ್ಗೆ ಹಾಕುತ್ತಿದ್ದೆ. ಮಧ್ಯಾಹ್ನ ಅತ್ತೆ ತೊಗರಿ ಬೇಳೆ ತೊಳೆದ ನೀರು, ಅಕ್ಕಿ ತೊಳೆದ ನೀರು ಹಾಕುತ್ತಿದ್ದರು. ಸೋಸಿದ ಚಹಾಪುಡಿ ಗೊಬ್ಬರ ಅಂತ ಮಣ್ಣಿನ ಮೇಲೆ ಬೀಳುತ್ತಿತ್ತು. ನಮ್ಮ ಓಣಿಗೆ ನಳ ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ನಳ ಬರುವ ದಿನ ಕೊಡದಲ್ಲಿ ಉಳಿದ ಹಳೆ ನೀರೆಲ್ಲ ಕುಂಡಗಳಿಗೇ.

ಅತ್ತೆಯವರದು ತಪ್ಪು ಅಂತ ಹೇಳುತ್ತಿಲ್ಲ. ಭಾವಿಯಿಂದ ನೀರು ಸೇದಿ, ತಲೆ ಮೇಲೆ ಹೊತ್ತು ತಂದವರು ಅವರು. ಒಂದು ಲೋಟ ನೀರನ್ನೂ ಚರಂಡಿಗೆ ಚೆಲ್ಲಲು ಅವರ ಕೈ ಬರುವುದಿಲ್ಲ. ಆ ಗುಣ ನನಗೆ ತುಂಬಾ ಇಷ್ಟ. ಆದರೆ ಆ ನೀರು ಮತ್ತು ಚಹಾಪುಡಿ ಸೇರಿ ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಬೂಷ್ಟು ಹಿಡಿದಿತ್ತು. ಈ ನುಸಿಯ ಮರಿಗಳಿಗೆ ಬೂಷ್ಟೇ ಊಟ. ಕೊಳೆತ ಎಲೆ, ಕಸ ಕೂಡ ತಿನ್ನುತ್ತವೆ. ಸಂಖ್ಯೆ ಜಾಸ್ತಿಯಾದರೆ ಗಿಡದ ಎಳೆ ಬೇರಿಗೂ ಬಾಯಿ ಹಾಕುತ್ತವೆ.

ಮಣ್ಣಲ್ಲಿ ನಿಜವಾಗಲೂ ಮರಿ ಇವೆಯಾ ಅಂತ ತಿಳಿಯಲು ಆಲೂಗಡ್ಡೆ ಸಾಕು. ಒಂದು ಬಿಲ್ಲೆ ಕತ್ತರಿಸಿ, ಹಸಿ ಮುಖ ಕೆಳಗೆ ಮಾಡಿ ಮಣ್ಣಿಗೆ ಒತ್ತಿ ಇಡಬೇಕು. ನಾನು ಮೂರು ಕುಂಡಗಳಲ್ಲಿ ಇಟ್ಟೆ. ಎರಡು ದಿನ ಬಿಟ್ಟು ಬೆಳಿಗ್ಗೆ ಟಾರ್ಚ್ ಹಿಡಿದು ಮನಿ ಪ್ಲಾಂಟಿನ ಬಿಲ್ಲೆಯನ್ನು ಮೆಲ್ಲಗೆ ಎತ್ತಿದೆ. ಕೆಳಗಿನ ಮುಖ ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಬಿಳಿ ದಾರದ ತುಂಡು ಅಲುಗಿತು. ಗಾಜಿನ ಹಾಗೆ ಪಾರದರ್ಶಕ ಮೈ. ತಿಂದ ಮಣ್ಣು ಒಳಗೆ ಕಪ್ಪು ಗೆರೆಯಾಗಿ ಕಾಣುತ್ತಿತ್ತು. ತುದಿಗೆ ಸೂಜಿಮೊನೆಯಷ್ಟು ಹೊಳೆಯುವ ಕರಿ ತಲೆ. ಎಣಿಸಿದೆ, ಹದಿನಾಲ್ಕು. ಅತ್ತೆಯವರನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು.

"ಅಯ್ಯ, ತೊಗರ್ಯಾಗ ಹುಳ ಬಿದ್ದಂಗ ಬಿದ್ದಾವಲ್ಲ!"

ಅವರ ಈ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ತೊಗರಿಗೆ ಹುಳ ಬೀಳಬಾರದು ಅಂದರೆ ಏನು ಮಾಡುತ್ತೇವೆ? ಮಾಳಿಗೆ ಮೇಲೆ ಹರವಿ ಚೆನ್ನಾಗಿ ಒಣಗಿಸಿ ತುಂಬಿಡುತ್ತೇವೆ. "ಅತ್ತಿ, ಈ ಮಣ್ಣೂ ಹಂಗೇ ಒಣಗಬೇಕ್ರೀ. ನೀರು ಸ್ವಲ್ಪ ದಿನ ಬ್ಯಾಡ್ರೀ," ಅಂದೆ. ಗಿಡ ಸಾಯುತ್ತವೆ ಅಂತ ಅವರಿಗೆ ಸಂಕಟವಾಯಿತು. ಆದರೂ ಒಪ್ಪಿದರು.

ಹಾರುವ ನುಸಿ ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟರಲ್ಲಿ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆ ಒಡೆದು, ಮರಿ ಬೆಳೆದು, ಗೂಡಾಗಿ ಮತ್ತೆ ನುಸಿಯಾಗಲು ಸುಮಾರು ಮೂರು ನಾಲ್ಕು ವಾರ ಬೇಕು, ಬೆಚ್ಚಗಿದ್ದರೆ ಇನ್ನೂ ಬೇಗ. ಮರಿಗಳು ಇರುವುದು ಹೆಚ್ಚಾಗಿ ಮೇಲಿನ ಎರಡು ಮೂರು ಇಂಚು ಮಣ್ಣಿನಲ್ಲೇ. ಬ್ಯಾಟ್ ಹಿಡಿದು ಹಾರುವುದನ್ನು ಕೊಂದರೆ ಯಾಕೆ ಮುಗಿಯಲಿಲ್ಲ ಅಂತ ಆಗ ಅರ್ಥವಾಯಿತು. ಮೇಲಿನ ಮಣ್ಣು ಒಣಗಿಸಬೇಕು, ಒಳಗಿನ ಮರಿ ಕೊಲ್ಲಬೇಕು, ಹಾರುವುದನ್ನು ಹಿಡಿಯಬೇಕು. ಮೂರನ್ನೂ ಒಟ್ಟಿಗೆ, ಒಂದು ತಿಂಗಳು ಬಿಡದೆ ಮಾಡಬೇಕು.

ಕುಂಡಗಳನ್ನು ಕೂಲರ್ ಹತ್ತಿರದಿಂದ ತೆಗೆದು ಪಡಸಾಲೆಯ ಕಿಟಕಿ ಬಳಿ ಸಾಲಾಗಿ ಇಟ್ಟೆ. ಬೂಷ್ಟು ಹಿಡಿದ ಮೇಲಿನ ಮಣ್ಣನ್ನು ಎರಡು ಇಂಚು ಕೆರೆದು ತೆಗೆದು, ಮಾಳಿಗೆಯ ಪರಸಿ ಕಲ್ಲಿನ ಮೇಲೆ ಹರವಿದೆ. ಆ ಬಿಸಿಲಿಗೆ ಮೂರೇ ದಿನದಲ್ಲಿ ಮಣ್ಣು ಹಪ್ಪಳದ ಹಾಗೆ ಆಯಿತು. ಎರಡು ಕುಂಡಗಳಿಗೆ ಊರಿನ ಹೊಲದ ಎರೆಮಣ್ಣನ್ನೇ ತುಂಬಿದ್ದೆ. ಅವುಗಳದೇ ದೊಡ್ಡ ತೊಂದರೆ. ಎರೆಮಣ್ಣು ಹೊಲಕ್ಕೆ ಬಂಗಾರ, ತೊಗರಿಗೆ, ಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಅದೇ ಗುಣ ಸಣ್ಣ ಕುಂಡದಲ್ಲಿ ಮುಳುವಾಗುತ್ತದೆ. ನೀರು ಕುಡಿದು ಉಬ್ಬಿ ಅಂಟಾಗಿ ಕೂತಿತ್ತು, ತಳದ ತೂತು ಕೂಡ ಮುಚ್ಚಿಹೋಗಿತ್ತು. ಆ ಎರಡು ಗಿಡಗಳನ್ನು ಪೂರ್ತಿ ಕಿತ್ತು, ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಎರೆಹುಳು ಗೊಬ್ಬರ ಸೇರಿಸಿ ಮತ್ತೆ ನೆಟ್ಟೆ. ಸರ್ಪಗಿಡದ ಬೇರು ಅರ್ಧ ಕೊಳೆತಿತ್ತು. ಕತ್ತರಿಸಿದೆ, ಉಳಿಯಿತು.

ಮರಿಗಳಿಗೆ ಬಿಟಿಐ ಅನ್ನುವ ಪುಡಿ ತರಬೇಕಿತ್ತು. ಇಲ್ಲಿ ನನಗೆ ಒಂದು ಎಡವಟ್ಟಾಯಿತು, ನೀವು ಹುಷಾರಾಗಿರಿ. ಗೊಬ್ಬರ, ಔಷಧಿ ಅಂಗಡಿಯಲ್ಲಿ "ಬಿಟಿ ಕೊಡ್ರಿ" ಅಂದೆ. ಅವರು ಕೊಟ್ಟರು. ಎರಡು ವಾರ ಹಾಕಿದೆ. ಒಂದು ಮರಿಯೂ ಸಾಯಲಿಲ್ಲ. ಆಮೇಲೆ ಪೊಟ್ಟಣ ಸರಿಯಾಗಿ ಓದಿದರೆ ಅದು ಬಿಟಿಯಲ್ಲೇ ಕುರ್ಸ್ಟಾಕಿ ಅನ್ನುವ ಬೇರೆ ಬಗೆ. ತೊಗರಿಯ ಕಾಯಿಕೊರಕ ಹುಳಕ್ಕೆ ಹೊಡೆಯುವಂಥದ್ದು. ಚಿಟ್ಟೆ, ಪತಂಗದ ಮರಿಗಳಿಗೆ ಅದು ಸರಿ, ನುಸಿಗೆ ನಡೆಯುವುದಿಲ್ಲ. ನುಸಿಗೆ ಬೇಕಾದದ್ದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್, ಅದೇ ಬಿಟಿಐ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸೊಳ್ಳೆ ಮರಿಗಳಿದ್ದ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. ಮರಿ ಇದನ್ನು ತಿನ್ನಬೇಕು. ಹೊಟ್ಟೆಯ ಕ್ಷಾರದಲ್ಲಿ ಇದರ ಹರಳು ಕರಗಿ ವಿಷವಾಗುತ್ತದೆ, ಕರುಳು ತೂತಾಗಿ ಮರಿ ಸಾಯುತ್ತದೆ. ಮನುಷ್ಯರಿಗೆ, ಎರೆಹುಳಕ್ಕೆ, ಜೇನಿಗೆ ತೊಂದರೆ ಇಲ್ಲ. ಮೊಟ್ಟೆ ಮತ್ತು ಗೂಡಿನ ಮೇಲೆ ಮಾತ್ರ ಇದು ನಡೆಯುವುದಿಲ್ಲ, ಮಣ್ಣಲ್ಲಿ ಜಾಸ್ತಿ ದಿನ ಉಳಿಯುವುದೂ ಇಲ್ಲ. ಅದಕ್ಕೇ ವಾರಕ್ಕೊಮ್ಮೆಯಂತೆ ನಾಲ್ಕೈದು ವಾರ ಹಾಕಬೇಕು. ಸೊಳ್ಳೆ ಮರಿಗಳಿಗೆ ಬಳಸುವ ಪುಡಿ ತರಿಸಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಹಾಕಿದೆ.

ಅದು ಬರುವವರೆಗೆ ತಡೆಯಲಾಗದೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡನ್ನೂ ಒಂದು ಸಲ ಹಾಕಿದ್ದೆ. ನನಗೆ ಸಿಕ್ಕದ್ದು 6 ಪರ್ಸೆಂಟಿನದು, ಒಂದು ಭಾಗಕ್ಕೆ ಒಂಬತ್ತು ಭಾಗ ನೀರು. ನೊರೆನೊರೆಯಾಗಿ ಕುದಿಯುತ್ತದೆ, ತಾಗಿದ ಮರಿ ಸಾಯುತ್ತದೆ, ಆಮೇಲೆ ನೀರು, ಆಮ್ಲಜನಕ ಆಗಿಬಿಡುತ್ತದೆ. ಮಣ್ಣಿನ ಒಳ್ಳೆಯ ಜೀವಗಳೂ ಸಾಯುತ್ತವಲ್ಲ ಅಂತ ಮತ್ತೆ ಹಾಕಲಿಲ್ಲ. ಅರಿಶಿನ, ದಾಲ್ಚಿನ್ನಿ ಪುಡಿ ಉದುರಿಸಿದ್ದು ಸುಮ್ನೆ ದಂಡ.

ಹಾರುವ ನುಸಿಗೆ ಹಳದಿ ಅಂಟು ಕಾರ್ಡ್. ಹೊಲಗಳಲ್ಲಿ ಕೋಲಿಗೆ ಕಟ್ಟಿರುತ್ತಾರಲ್ಲ, ಅದೇ. ಒಂದನ್ನು ಎಂಟು ತುಂಡು ಮಾಡಿ, ಕಡ್ಡಿಗೆ ಸಿಕ್ಕಿಸಿ, ಮಣ್ಣಿಗೆ ಹತ್ತಿರವಾಗಿ ಚುಚ್ಚಿದೆ. ಇವು ಎತ್ತರ ಹಾರುವುದಿಲ್ಲ, ಮೇಲೆ ಕಟ್ಟಿದರೆ ಉಪಯೋಗ ಕಡಿಮೆ. ಕಾರ್ಡ್ ಸಿಗದವರು ಹಳದಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಔಡಲೆಣ್ಣೆ ಸವರಿಯೂ ಇಡಬಹುದು. ನಮ್ಮ ಮಾವನವರು ಹೊಲದಲ್ಲಿ ಹಾಗೇ ಮಾಡುತ್ತಿದ್ದರಂತೆ.

ಲೆಕ್ಕ ಬರೆಯುವ ಕೈ ಸುಮ್ಮನಿರುತ್ತದೆಯೇ? ಪ್ರತಿ ಭಾನುವಾರ ಕಾರ್ಡಿಗೆ ಅಂಟಿದ ನುಸಿ ಎಣಿಸಿ ಡೈರಿಯಲ್ಲಿ ಬರೆದೆ. ಬಿಟಿಐ ಹಾಕಲು ಶುರು ಮಾಡಿದ ಮೊದಲ ವಾರ 61. ಎರಡನೇ ವಾರ 57. ಅವತ್ತು ಬಹಳ ಬೇಜಾರಾಯಿತು, ಇಷ್ಟೆಲ್ಲ ಮಾಡಿಯೂ ಇಷ್ಟೇನಾ ಅಂತ. ಆದರೆ ಅವು ಮೊದಲೇ ಗೂಡಾಗಿದ್ದವು, ಹೊರಗೆ ಬರಲೇಬೇಕಿತ್ತು. ಮೂರನೇ ವಾರ 24. ನಾಲ್ಕನೇ ವಾರ 9. ಐದನೇ ವಾರ 2. ಎರಡನೇ ವಾರದಲ್ಲಿ ಕೈಬಿಡುವವರೇ ಜಾಸ್ತಿ ಅನಿಸುತ್ತದೆ. ದಯವಿಟ್ಟು ಬಿಡಬೇಡಿ.

ಈಗ ನೀರು ಕೊಡುವ ರೀತಿಯನ್ನೇ ಬದಲಿಸಿದ್ದೇವೆ. ಅಗಲ ಟಬ್ಬಿನಲ್ಲಿ ನಾಲ್ಕು ಬೆರಳು ನೀರು ತುಂಬಿ ಕುಂಡವನ್ನು ಅರ್ಧ ಗಂಟೆ ಇಡುತ್ತೇನೆ. ತಳದ ತೂತಿನಿಂದ ಮಣ್ಣು ಬೇಕಾದಷ್ಟು ನೀರು ಕುಡಿಯುತ್ತದೆ, ಮಣ್ಣಿನ ಮೇಲೆ ಈಗ ಮರಳು ಹಾಸಿದ್ದೇನೆ, ಅದು ಒಣಗಿಯೇ ಇರುತ್ತದೆ. ಎತ್ತಿ, ನೀರು ಸೋರಲು ಬಿಟ್ಟು ಜಾಗಕ್ಕೆ ಇಡುತ್ತೇನೆ. ತಟ್ಟೆಯಲ್ಲಿ ನೀರು ನಿಲ್ಲಲು ಬಿಡುವುದಿಲ್ಲ. ಯಾವಾಗ ಕೊಡಬೇಕು ಅನ್ನುವುದಕ್ಕೆ ಅತ್ತೆಯವರೇ ಒಂದು ಉಪಾಯ ಕಂಡುಹಿಡಿದಿದ್ದಾರೆ. ಪೂಜೆಯಲ್ಲಿ ಉರಿದು ಉಳಿದ ಊದಿನಕಡ್ಡಿಯ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಎಳೆಯುತ್ತಾರೆ. ಮಣ್ಣು ಅಂಟಿ ಬಂದರೆ, "ಇನ್ನಾ ಹಸಿ ಅದ, ಬ್ಯಾಡ." ಸ್ವಚ್ಛವಾಗಿ ಬಂದರೆ ನನ್ನನ್ನು ಕರೆಯುತ್ತಾರೆ. ಬೇಳೆ ತೊಳೆದ ನೀರು, ನಳದ ದಿನದ ಹಳೆ ನೀರು ಈಗ ಗೇಟಿನ ಹೊರಗಿನ ಕರಿಬೇವಿಗೆ ಹೋಗುತ್ತದೆ. ಅದು ಈ ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿದೆ.

ಮೊನ್ನೆ ಪಕ್ಕದ ಮನೆಯ ಅಕ್ಕ ಪ್ರೀತಿಯಿಂದ ಒಂದು ಸ್ಪೈಡರ್ ಪ್ಲಾಂಟ್ ಕೊಟ್ಟರು. ನರ್ಸರಿಯಿಂದ ತಂದ ಕುಂಡ, ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ ತುಂಬಿದ್ದು. ಮೇಲೆ ಒಣಗಿದಂತೆ ಕಂಡರೂ ಬೆರಳು ಹಾಕಿದರೆ ಒಳಗೆ ಒದ್ದೆ. ಒಳಗೆ ತರದೆ ಮಾಳಿಗೆ ಮೆಟ್ಟಿಲ ಮೇಲೆ ಇಟ್ಟಿದ್ದೇನೆ. ಒಂದು ಆಲೂಗಡ್ಡೆ ಬಿಲ್ಲೆ ಒತ್ತಿ, ಹಳದಿ ಕಾರ್ಡಿನ ತುಂಡು ಚುಚ್ಚಿದ್ದೇನೆ. ಇವತ್ತಿಗೆ ಆರು ದಿನ. ಕಾರ್ಡಿಗೆ ಒಂದು ನುಸಿ ಅಂಟಿದೆ.