ಮಂಡ್ಯದಿಂದ ಮೆಳ್ಳಹಳ್ಳಿಗೆ

ನಟರು ಯಾರಾದರೂ ತೀರಿಕೊಂಡಾಗ ಒಂದು ಮೆಸೇಜು ತಪ್ಪದೆ ಬರುತ್ತೆ. 'ಸಿನಿಮಾದವರು ಸತ್ತರೆ ಲಕ್ಷ ಜನ ಸೇರ್ತಾರೆ, ದೇಶಕ್ಕೆ ಪ್ರಾಣ ಕೊಟ್ಟವರನ್ನು ಕೇಳೋರು ಯಾರು?' ಅಂತ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ನಾನೂ ಅದನ್ನು ಮನೆಯವರ ಗ್ರೂಪಿಗೆ ಕಳಿಸಿದ್ದೆ. ಹತ್ತು ನಿಮಿಷ ಆಗಿರಲಿಲ್ಲ, ಮಂಡ್ಯದಿಂದ ಚಿಕ್ಕಪ್ಪನ ಫೋನ್ ಬಂತು.

"ಪುಲ್ವಾಮಾದಲ್ಲಿ ಹೋದ ನಮ್ಮ ಯೋಧ ಗುರು ಮಣ್ಣಿಗೆ ಬಂದಿದ್ದೇನ್ಲಾ ನೀನು?"

"ಇಲ್ಲ ಚಿಕ್ಕಪ್ಪ."

"ನಾನು ಹೋಗಿದ್ದೆ. ಅಂಬರೀಶಣ್ಣನ್ನ ನೋಡಕ್ಕೂ ಹೋಗಿದ್ದೆ. ಎರಡಕ್ಕೂ ಹೋದವನು ನಾನು ಸುಮ್ನಿದ್ದೀನಿ. ಎಲ್ಲಿಗೂ ಹೋಗ್ದೆ ಇರೋನು ನೀನ್ಯಾಕ್ಲಾ ಮಾತಾಡೀಯೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಾತು ಮಾತ್ರ ಒಳಗೇ ಕೂತಿತ್ತು. ಕೊನೆಗೊಂದು ಡಿಸೆಂಬರ್ ಭಾನುವಾರ ಮೈಸೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ಬೇಕಂತಲೇ ಸಾದಾ ದಿನ ಆರಿಸಿಕೊಂಡಿದ್ದೆ. ಯಾರ ಪುಣ್ಯತಿಥಿಯೂ ಅಲ್ಲ, ಯಾರ ಹುಟ್ಟುಹಬ್ಬವೂ ಅಲ್ಲ. ಹಾರ, ಭಾಷಣ, ಕ್ಯಾಮೆರಾ ಯಾವುದೂ ಇಲ್ಲದ ದಿನ ಆ ಜಾಗಗಳು ಹೇಗಿರುತ್ತವೆ ಅಂತ ನೋಡಬೇಕಿತ್ತು.

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು ಒಂದು ಗಂಟೆ ದಾರಿ. ಕಾವೇರಿ ದಾಟುವಾಗ ಕಿಟಕಿ ಪಕ್ಕದವರೆಲ್ಲಾ ಮಾತು ನಿಲ್ಲಿಸಿ ನೀರು ನೋಡುತ್ತಾರೆ, ಅದು ಯಾವತ್ತೂ ಹಾಗೇ. ಶ್ರೀರಂಗಪಟ್ಟಣದಲ್ಲಿ ಕೋಟೆ ಒಡೆದ ಜಾಗದಲ್ಲೊಂದು ಎತ್ತರದ ಕಲ್ಲಿನ ಕಂಬ ಇದೆ. 1799ರ ಮೇ 4ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ್ದು. ಸತ್ತ ಅಧಿಕಾರಿಗಳ ಹೆಸರನ್ನೂ ಕೆತ್ತಿದ್ದಾರೆ. ಅದೇ ದಿನ ಅದೇ ಗೋಡೆಯ ಒಳಗಡೆ ನಿಂತು ಸತ್ತ ನಮ್ಮ ಸೀಮೆಯ ಸಿಪಾಯಿಗಳ ಹೆಸರು ಆ ಕಂಬದ ಮೇಲೆ ಇಲ್ಲ. ಸ್ಕೂಲಿನ ಟೂರಿನಲ್ಲಿ ಅದನ್ನು ನೋಡಿದಾಗ ನನಗೆ ಇದು ಹೊಳೆದಿರಲಿಲ್ಲ.

ಪಾಂಡವಪುರ ಸ್ಟೇಷನ್ ಬಂದಾಗ ಎದುರಿಗಿದ್ದ ಅಜ್ಜಿ ಕೈ ಮುಗಿದರು. ಯಾವ ದೇವರಿಗೋ ಗೊತ್ತಿಲ್ಲ. ನನಗೆ ನೆನಪಾದದ್ದು ಕನಗನಮರಡಿ. 2018ರ ನವೆಂಬರ್ 24, ಶನಿವಾರ ಮಧ್ಯಾಹ್ನ ಈ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು. ಅವರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಒಂದೇ ಜಿಲ್ಲೆಗೆ ಒಂದೇ ದಿನ ಎರಡು ಸಾವಿನ ಸುದ್ದಿ. ಭಾನುವಾರ ಬೆಳಗ್ಗೆ ನಾನು ಟಿವಿ ಹಾಕಿದಾಗ ನಾಲೆ ಇರಲಿಲ್ಲ, ಸ್ಟೇಡಿಯಂ ಇತ್ತು. ಆ 30 ಮನೆಗಳ ಅಳು ಎಲ್ಲಿ ಹೋಯಿತು ಅಂತ ಈಗಲೂ ಅನ್ನಿಸುತ್ತೆ.

ಚಿಕ್ಕಪ್ಪ ಆಟೋ ಸಮೇತ ಸ್ಟೇಷನ್ ಮುಂದೆ ನಿಂತಿದ್ದರು. ಆಟೋ ಹಿಂದೆ ಅಂಬರೀಶ್ ಚಿತ್ರ. ಬಿಸಿಲಿಗೆ ಬಣ್ಣ ಹೋಗಿ ಮುಖ ನೀಲಿಯಾಗಿದೆ, ಆದರೆ ಮೀಸೆ ಮಾತ್ರ ಹಾಗೇ ಇದೆ. "ಮೂರು ಸಲ ಪೇಂಟ್ ಹೊಡೆಸ್ದೆ ಮಗಾ, ಈ ಸ್ಟಿಕ್ಕರ್ ಬಿಟ್ಟೇ ಹೊಡಿ ಅಂತ ಹೇಳಿ ಹೊಡೆಸ್ದೆ" ಅಂದರು.

ಮೊದಲು ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಡಿಯಂಗೆ ಹೋದೆವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚಿಕ್ಕಪ್ಪ ಗೇಟಿನ ಹತ್ತಿರ ನಿಂತು ಕೈ ತೋರಿಸಿ ಹೇಳುತ್ತಾ ಹೋದರು. ಹೆಲಿಕಾಪ್ಟರ್ ಬಂದದ್ದು, ಸಾಲು ರೋಡಿನವರೆಗೂ ಬೆಳೆದದ್ದು, ರಾತ್ರಿಯೆಲ್ಲಾ ಸಾಲು ಕರಗದೇ ಇದ್ದದ್ದು. ಚಿಕ್ಕಪ್ಪನಿಗೆ ಮುಖ ಕಂಡದ್ದು ನಡುರಾತ್ರಿ ದಾಟಿದ ಮೇಲೆ, ಮೂರೇ ಸೆಕೆಂಡು. ಸೋಮವಾರ ಬೆಳಗ್ಗೆ ಬೆಂಗಳೂರಿಗೆ ವಾಪಸ್ ಕರೆದುಕೊಂಡು ಹೋಗುವ ಮುಂಚೆ ಸುಮಲತಾ ಮಂಡ್ಯದ ಮಣ್ಣನ್ನು ಅವರ ಹಣೆಗೆ ಹಚ್ಚಿದರು. ಅದನ್ನು ಹೇಳುವಾಗ ಚಿಕ್ಕಪ್ಪನ ಗಂಟಲು ಕಟ್ಟಿತು. ಇಷ್ಟು ವರ್ಷ ಆದಮೇಲೂ.

"ಅವರೇನು ನಿಮಗೆ ದುಡ್ಡು ಕೊಟ್ಟಿದ್ರಾ, ಕೆಲಸ ಕೊಡಿಸಿದ್ರಾ?" ಅಂತ ಕೇಳಿದೆ. ಕೇಳಬಾರದಿತ್ತು.

"ಏನೂ ಇಲ್ಲ ಕಣ್ಲಾ. ನಿಮ್ಮ ಚಿಕ್ಕಮ್ಮನ್ನ ಮದುವೆ ಆದಾಗ ಮೊದಲು ಕರ್ಕೊಂಡು ಹೋಗಿದ್ದೇ ಅವರ ಪಿಚ್ಚರ್‌ಗೆ. ಕಾವೇರಿ ತೀರ್ಪು ಬಂದಾಗ ಮಂತ್ರಿಗಿರಿ ಬ್ಯಾಡ ಅಂತ ಬರೆದುಕೊಟ್ಟೋರು. ನಮ್ಮೋರು ಅಂತ ಒಬ್ಬ ಇದ್ದ. ಅಷ್ಟೇ."

ಆಗ ನನಗೆ ಅರ್ಥವಾಯಿತು. ಅಂಬರೀಶ್ ಮುಖ ನಮ್ಮ ಜನಕ್ಕೆ ನಲವತ್ತು ವರ್ಷಕ್ಕೂ ಜಾಸ್ತಿ ಪರಿಚಯ. ಮದುವೆ, ಜಾತ್ರೆ, ಚುನಾವಣೆ, ಟೆಂಟು ಎಲ್ಲದರಲ್ಲೂ ಆ ಮುಖ ಇತ್ತು. ಅವರಿಗಾಗಿ ಅತ್ತವರು ತಮ್ಮ ವಯಸ್ಸಿಗೂ ಅತ್ತರು. ಅದನ್ನು ಹುಚ್ಚು ಅನ್ನುವುದು ತಪ್ಪು. ಆ ದುಃಖ ಹಿಡಿತ ತಪ್ಪಿದರೆ ಏನಾಗುತ್ತೆ ಅಂತಲೂ ನಾವು ನೋಡಿದ್ದೇವೆ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಹೋದಾಗ ಬೆಂಗಳೂರಿನ ಗಲಾಟೆಯಲ್ಲಿ ಡ್ಯೂಟಿಯಲ್ಲಿದ್ದ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಜೀವವೂ ಹೋಯಿತು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಗುರು ಮುಖವನ್ನು ಮಾತ್ರ ನಾವು ಮೊದಲ ಸಲ ನೋಡಿದ್ದೇ ಫ್ಲೆಕ್ಸಿನಲ್ಲಿ. ಗುಡಿಗೆರೆಯ ಎಚ್. ಗುರು, ಸಿಆರ್‌ಪಿಎಫ್ ಯೋಧ. ರಜೆ ಮುಗಿಸಿ ವಾಪಸ್ ಹೋದ ಕೆಲವೇ ದಿನಕ್ಕೆ, 2019ರ ಫೆಬ್ರವರಿ 14ರಂದು, ಪುಲ್ವಾಮಾ ಜಿಲ್ಲೆಯ ಹೆದ್ದಾರಿಯಲ್ಲಿ ಬಾಂಬ್ ತುಂಬಿದ ಕಾರು ಬಂದು ಬಸ್ಸಿಗೆ ಗುದ್ದಿತು. 40 ಜನ ಯೋಧರು ಹೋದರು. ಅವರಲ್ಲಿ ನಮ್ಮ ಗುರು ಒಬ್ಬರು. ಬದುಕಿದ್ದಾಗ ಅದೇ ಗುರು ನಮ್ಮ ಪಕ್ಕ ಬಸ್ಸಿನಲ್ಲಿ ಕೂತಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಯೂನಿಫಾರ್ಮಿನ ಒಂದು ಫೋಟೊ ದೊಡ್ಡದು ಮಾಡಿ ಕಟ್ಟಿದ ದಿನ ಅವರು ನಮ್ಮವರಾದರು. ಪರಿಚಯ ಆದ ದಿನವೇ ಕೊನೆ ದಿನ. ಹಾಗಾದರೆ ನೆನಪು ಇಟ್ಟುಕೊಳ್ಳುವುದು ಯಾವುದನ್ನು? ಇದೇ ನನಗೆ ಜಾಸ್ತಿ ಕಾಡಿದ್ದು.

ಎಕ್ಸ್‌ಪ್ರೆಸ್ ಹೈವೇಗೆ ಆಟೋ ಬಿಡುವುದಿಲ್ಲ. ಸರ್ವಿಸ್ ರೋಡಿನಲ್ಲೇ ಮದ್ದೂರು ಕಡೆ ಹೊರಟೆವು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಹಿಂದೆ ನಿಧಾನ. ಒಂದು ಕಡೆ ಚಿಕ್ಕಪ್ಪ ಆಟೋ ನಿಲ್ಲಿಸಿ ಫೋನ್ ತೆಗೆದರು. 2019ರ ಫೆಬ್ರವರಿ 16ರ ವಿಡಿಯೊ. ಕೈ ನಡುಗಿ ಚಿತ್ರ ಅಲ್ಲಾಡುತ್ತೆ. ರಸ್ತೆಯ ಎರಡೂ ಬದಿ ಜನ, ಮಕ್ಕಳ ಕೈಯಲ್ಲಿ ಬಾವುಟ, ಹೂವಿನ ವಾಹನ ನಿಧಾನಕ್ಕೆ ಬರುತ್ತೆ. ಬೆಂಗಳೂರಿನಿಂದ ಬರುವಾಗ ದಾರಿಯುದ್ದಕ್ಕೂ ಜನ ಹೀಗೇ ನಿಂತಿದ್ದರು. ವಿಡಿಯೊದಲ್ಲಿ ಚಿಕ್ಕಪ್ಪನ ದನಿಯೂ ಇದೆ. ಘೋಷಣೆ ಕೂಗುತ್ತಾ ಕೂಗುತ್ತಾ ಮಧ್ಯದಲ್ಲಿ ಒಡೆದು ಹೋಗುತ್ತೆ.

ನಾನು ಕಳಿಸಿದ್ದ ಆ ಮೆಸೇಜು ಸುಳ್ಳು. ಯೋಧನಿಗೂ ಜನ ಸೇರಿದ್ದರು. ಅಂಬರೀಶ್‌ಗೆ ಅತ್ತವರೇ ಮೂರು ತಿಂಗಳೊಳಗೆ ಗುರುಗೂ ಅತ್ತರು. ಇಬ್ಬರಿಗೂ ಸರ್ಕಾರಿ ಗೌರವ, ಕುಶಾಲತೋಪು, ಮೈಮೇಲೆ ತ್ರಿವರ್ಣ ಬಾವುಟ. ಆ ಬಾವುಟವನ್ನು ಚಿತೆಗೆ ಹಾಕುವ ಹಾಗಿಲ್ಲ, ಗುಂಡಿಗೆ ಇಳಿಸುವ ಹಾಗಿಲ್ಲ, ನಿಯಮವೇ ಹಾಗಿದೆ. ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಅಲ್ಲಿಯವರೆಗೂ ಎರಡೂ ಸಾವು ಒಂದೇ ತರಹ ನಡೆದವು. ಬೇರೆಯಾದದ್ದು ಆಮೇಲೆ.

ಮದ್ದೂರು ತಾಲ್ಲೂಕಿನ ಹೊಟ್ಟೇಗೌಡನದೊಡ್ಡಿಯಲ್ಲಿ ಅಭಿಮಾನಿಗಳು ಅಂಬರೀಶ್‌ಗೆ ಗುಡಿಯನ್ನೇ ಕಟ್ಟಿದ್ದಾರೆ. ಒಳಗೆ ಅವರ ಪುತ್ಥಳಿ. ಚಿಕ್ಕಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು, ನಾನೂ ಮುಗಿದೆ. ನವೆಂಬರ್ 24ಕ್ಕೆ, ಮೇ 29ರ ಹುಟ್ಟುಹಬ್ಬಕ್ಕೆ ಏನೇನು ಮಾಡುತ್ತಾರೆ ಅಂತ ಚಿಕ್ಕಪ್ಪನ ಬಾಯಲ್ಲಿ ಕೇಳಬೇಕು. ಅವರ ಸಂಘದ ಚಂದಾ ಪುಸ್ತಕ, ಶಾಮಿಯಾನದವನಿಗೆ ಮುಂಗಡ, ಅನ್ನಸಂತರ್ಪಣೆಗೆ ಅಕ್ಕಿ ಯಾರ ಮನೆಯಿಂದ, ಸಾರಿಗೆ ಬೇಳೆ ಯಾರ ಮನೆಯಿಂದ, ರಕ್ತದಾನದ ಕ್ಯಾಂಪಿಗೆ ಯಾರು ಓಡಾಡಬೇಕು. ಎಲ್ಲಾ ಹಂಚಿಕೆ ಆಗಿದೆ. ಯಾರೋ ಒಬ್ಬರಿಗೆ ಜವಾಬ್ದಾರಿ ಇದೆ. ಹಾಗಾಗಿ ವರ್ಷ ಬಂದರೆ ನೆನಪೂ ಬರುತ್ತೆ.

"ಗುರುಗೂ ಮಾಡಣ ಅಂತ ಸಂಘದಲ್ಲಿ ಹೇಳ್ದೆ" ಅಂದರು ಚಿಕ್ಕಪ್ಪ. "ಎರಡು ವರ್ಷ ಮಾಡುದ್ವಿ. ಆಮೇಲೆ ನಿಂತೋಯ್ತು. ಯಾರೂ ಬ್ಯಾಡ ಅನ್ನಲಿಲ್ಲ ಮಗಾ. ಯಾರ ಮೇಲೂ ಹೊರೆ ಹಾಕಲಿಲ್ಲ, ಅದಕ್ಕೇ ನಿಂತೋಯ್ತು."

ಅಲ್ಲಿಂದ ಆತಕೂರಿಗೆ ಹೋಗಬೇಕು ಅಂತ ಹಠ ಹಿಡಿದವನು ನಾನು. ಚಿಕ್ಕಪ್ಪನಿಗೆ ಅಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ದಾರಿಯಲ್ಲಿ ಕಥೆ ಹೇಳಿದೆ. ಸಾವಿರ ವರ್ಷಕ್ಕೂ ಹಿಂದೆ, 949ರ ಹೊತ್ತಿಗೆ, ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧ ನಡೆಯಿತು. ಅಲ್ಲಿ ಗಂಗರ ಬೂತುಗನ ಕಡೆಯ ಮನಲೇರ ಎಂಬ ವೀರ ಚೆನ್ನಾಗಿ ಕಾದಾಡಿದ. ಅರಸ ಮೆಚ್ಚಿ ಏನು ಬೇಕು ಕೇಳು ಅಂದಾಗ ಮನಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಮನಲೇರ ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗೊಂದು ಕಲ್ಲು ನಿಲ್ಲಿಸಿದ. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದಕ್ಕೆ ಭೂಮಿ ಬಿಟ್ಟ. ಆ ಭೂಮಿ ಉಣ್ಣುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುತ್ತೆ ಅಂತ ಶಾಸನದಲ್ಲೇ ಬರೆಸಿದ.

ಚಿಕ್ಕಪ್ಪ ಆಟೋ ಸ್ಲೋ ಮಾಡಿ ತಿರುಗಿ ನೋಡಿದರು. "ನಾಯಿಗಾ?"

"ಹೂಂ, ನಾಯಿಗೆ."

"ದಿನಾಲೂ?"

"ದಿನಾಲೂ."

ಊರಿನಲ್ಲಿ ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆವು. "ಆ ನಾಯಿ ಕಲ್ಲು ಇಲ್ಲಿಲ್ಲ ಕಣಪ್ಪ, ಯಾವತ್ತೋ ಬೆಂಗಳೂರಿಗೆ ತಗಂಡೋದ್ರು" ಅಂದರು. ನನಗೂ ಗೊತ್ತಿತ್ತು. ಕಸ್ತೂರ ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಅದನ್ನು ನೋಡಿದ್ದೇನೆ. ಹಂದಿಯ ಮೈಗೆ ನಾಯಿ ಹಾರಿ ಹಿಡಿದಿದೆ, ಸುತ್ತಲೂ ಒತ್ತೊತ್ತಾಗಿ ಹಳಗನ್ನಡದ ಅಕ್ಷರ. ಆದರೂ ಅದು ನಿಂತಿದ್ದ ಊರಿನ ನೆಲ ಒಮ್ಮೆ ಮೆಟ್ಟಬೇಕು ಅನ್ನಿಸಿತ್ತು. ಹಿರಿಯರು ಊಟಕ್ಕೆ ಕರೆದರು. ಮನೆಯೊಳಗಿಂದ ಅವರೆಕಾಳಿನ ಸಾರಿನ ಘಮ ಬರುತ್ತಿತ್ತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ನಾನು.

ಚಿಕ್ಕಪ್ಪ ನನ್ನ ಮುಖ ನೋಡಿ, "ಇಲ್ಲ ಸ್ವಾಮಿ, ಇನ್ನೊಂದು ಕಡೆ ಹೋಗೋದೈತೆ. ಅಲ್ಲಿಗೆ ಹೋಗಿ ಬಂದ್ಮೇಲೇ ಊಟ" ಅಂದರು.

ಅಂಬರೀಶ್ ಹುಟ್ಟೂರು ದೊಡ್ಡರಸಿನಕೆರೆ. ಗುರು ಹುಟ್ಟೂರು ಗುಡಿಗೆರೆ. ಎರಡೂ ಕೆ.ಎಂ. ದೊಡ್ಡಿ ಸುತ್ತಲಿನ ಊರು, ಎರಡೂ ಊರಿನವರಿಗೆ ಸಂತೆ, ಸಕ್ಕರೆ ಕಾರ್ಖಾನೆ ಎಲ್ಲಾ ಅದೇ. ಮೈಸೂರಿನಲ್ಲಿ ಕೂತು ಮೆಸೇಜು ಕಳಿಸುವಾಗ ನನಗೆ ಇದೂ ಗೊತ್ತಿರಲಿಲ್ಲ.

ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಮೆಳ್ಳಹಳ್ಳಿ ಹತ್ತಿರ ಗುರುವಿನ ಅಂತ್ಯಕ್ರಿಯೆ ನಡೆದ ಜಾಗ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲಾ ಧೂಳು ಎದ್ದು ಕೂರುತ್ತಿತ್ತು. ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬರು ನಿಂತು, "ಎಲ್ಲಿಂದ ಬಂದ್ರಪ್ಪ?" ಅಂದರು. ಮೈಸೂರು ಅಂದೆ. "ಬರ್ತಾರೆ, ಯಾರಾದ್ರೂ ಒಬ್ರೊಬ್ರು ಬರ್ತಾರೆ" ಅಂತ ಹೇಳಿ, ಸೆರಗು ಸರಿ ಮಾಡಿಕೊಂಡು ಕೈ ಮುಗಿದು ಮುಂದೆ ಹೋದರು.

ದೂರದ ಲೇತ್‌ಪೋರದ ಸಿಆರ್‌ಪಿಎಫ್ ಕ್ಯಾಂಪಿನಲ್ಲಿ 40 ಹೆಸರಿನ ಸ್ಮಾರಕ ಇದೆ. ದಾಳಿ ಆಗಿ ಸರಿಯಾಗಿ ಒಂದು ವರ್ಷಕ್ಕೆ ಅದನ್ನು ತೆರೆದರು. ಅಲ್ಲಿ ಗುರು ಹೆಸರೂ ಇದೆ. ಆದರೆ ಆ ಹೆಸರನ್ನು ಓದಿ 'ನಮ್ಮ ಹುಡುಗ' ಅನ್ನುವವರು ಇರುವುದು ಇಲ್ಲಿ, ಈ ರಸ್ತೆಯಲ್ಲಿ. ದಿಲ್ಲಿಯ ಕೆಲಸ ದಿಲ್ಲಿ ಮಾಡಲಿ. ಅಂಬರೀಶ್ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆ ಆಗುವುದು ಬೇಡ. ಚಂದಾ ಪುಸ್ತಕ ಬರೆಯಲು ಬರುವ ಕೈ, ಅನ್ನಕ್ಕೆ ಎಸರಿಡಲು ಬರುವ ಕೈ ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಕೈಗಳಿಗೆ ಇದನ್ನೂ ಹಂಚಿಕೊಡಬೇಕು.

ಚಿಕ್ಕಪ್ಪ ಆಟೋ ಸೀಟಿನ ಕೆಳಗಿಂದ ಒಂದು ಕವರ್ ತೆಗೆದರು. ಬೆಳಗ್ಗೆಯೇ ಮಂಡ್ಯ ಮಾರ್ಕೆಟ್ಟಿನಲ್ಲಿ ತಂದಿದ್ದ ಸೇವಂತಿಗೆ ಹಾರ. ನನಗೆ ಹೇಳಿರಲಿಲ್ಲ. ಹೊಟ್ಟೇಗೌಡನದೊಡ್ಡಿಯಲ್ಲೂ ತೆಗೆದಿರಲಿಲ್ಲ. ಆಟೋ ಒರೆಸುವ ಬಟ್ಟೆಗೆ ಬಾಟಲಿ ನೀರು ಹಾಕಿ ಹಿಂಡಿ ಮೊದಲು ಧೂಳು ಒರೆಸಿದರು. ಬಟ್ಟೆ ಕೆಂಪಾಯಿತು. ಇನ್ನೊಂದು ಸಲ ಹಿಂಡಿ ಒರೆಸಿದರು. ಆಮೇಲೆ ಹಾರವನ್ನು ನನ್ನ ಕೈಗೆ ಕೊಟ್ಟರು.

"ನೀನೇ ಹಾಕು" ಅಂದರು.

ಕೆ.ಎಂ. ದೊಡ್ಡಿಯ ಹೋಟೆಲಿಗೆ ಬರುವಷ್ಟರಲ್ಲಿ ಮೂರೂವರೆ. ಮುದ್ದೆ ಖಾಲಿ, ಅನ್ನ ಸಾರು ಮಾತ್ರ ಐತೆ ಅಂದ ಹುಡುಗ. ಅದನ್ನೇ ಹಾಕಿಸಿಕೊಂಡೆವು. ಚಿಕ್ಕಪ್ಪ ಕೈ ತೊಳೆದು ಬಂದು ಕೂತು, ಮೊದಲ ತುತ್ತು ಎತ್ತುವ ಮುಂಚೆ ಕೇಳಿದರು. "ಆ ಗೊರವನಿಗೆ ಎಷ್ಟು ಭೂಮಿ ಬಿಟ್ಟಿದ್ರು ಅಂದೆ?"