ಕೆರ್ ಕಪ್ಪುಕುಳಿಯ ಸುತ್ತ ದುಂಡು ಕಕ್ಷೆ ಕೊನೆಗೂ ದುಂಡಾಗಿ ಉಳಿಯಿತು

ಹತ್ತು ಲಕ್ಷ ಸೂರ್ಯರ ರಾಶಿಯ ಕಪ್ಪುಕುಳಿಯೊಳಕ್ಕೆ ಹತ್ತು ಸೂರ್ಯರ ರಾಶಿಯ ಪುಟ್ಟ ಕಪ್ಪುಕುಳಿಯೊಂದು ಸುರುಳಿ ಸುತ್ತುತ್ತ ಬೀಳುವ ನನ್ನ ಪೈಥಾನ್ ಮಾದರಿಯು, ಭ್ರಮಣವಿಲ್ಲದ ಶ್ವಾರ್ಟ್ಸ್‌ಚೈಲ್ಡ್ ಕುಳಿಯ ಮಟ್ಟಿಗೆ ಹಿಂದೆಯೇ ಮುಗಿದಿತ್ತು. ಈ ಸಲದ ತಲೆನೋವೆಲ್ಲ ಭ್ರಮಣದ್ದು, ಅಂದರೆ ತನ್ನ ಸುತ್ತ ತಾನೇ ತಿರುಗುವ ಕೆರ್ ಕುಳಿಯದ್ದು.

ವಿಧಾನ ಎಲ್ಲರಿಗೂ ತಿಳಿದದ್ದೇ. ಕಕ್ಷೆಯನ್ನು ಕೆರ್ ಜ್ಯಾಮಿತಿಯಿಂದ ನಿಖರವಾಗಿ ಪಡೆದು, ಗುರುತ್ವ ಅಲೆಗಳು ಹೊತ್ತೊಯ್ಯುವ ಶಕ್ತಿ ಮತ್ತು ಕೋನೀಯ ಸಂವೇಗಗಳಿಗೆ ಮಾತ್ರ ಪೀಟರ್ಸ್ 1964ರಲ್ಲಿ ಕೊಟ್ಟ ದುರ್ಬಲ ಕ್ಷೇತ್ರದ (ಗುರುತ್ವ ಕಡಿಮೆ ಇರುವಲ್ಲಿಗೆ ಹೊಂದುವ) ಸೂತ್ರಗಳನ್ನು ಬಳಸುತ್ತೇವೆ. ಭ್ರಮಣಕ್ಕೆ (ಅದರ ಗರಿಷ್ಠ ಮಿತಿ 1) 0.9 ಎಂದು ಕೊಟ್ಟೊಡನೆ, ಕುಳಿ ತಿರುಗುವ ದಿಕ್ಕಿನಲ್ಲೇ ಸುತ್ತುವ ಕಕ್ಷೆ ದುಂಡಾಗುತ್ತ ಬಂದು, ಉತ್ಕೇಂದ್ರತೆಯ (ಕಕ್ಷೆ ದುಂಡಿನಿಂದ ಎಷ್ಟು ದೂರ ಎಂಬುದರ ಅಳತೆ) ವರ್ಗವು ಸೊನ್ನೆ ದಾಟಿ ಋಣವಾಗಿ, ಪರದೆಯ ತುಂಬ ‘ನ್ಯಾನ್’ (‘ಇದು ಸಂಖ್ಯೆಯಲ್ಲ’ ಎಂಬ ಸೂಚನೆ) ಸುರಿಯುತ್ತಿತ್ತು. −0.9 (ಅಂದರೆ ಕುಳಿಗೆ ಎದುರು ದಿಕ್ಕಿನ ಸುತ್ತು) ಕೊಟ್ಟರೆ ದುಂಡಾಗಿ ಹೊರಟ ಕಕ್ಷೆ ತಾನಾಗಿಯೇ ಮೊಟ್ಟೆಯಾಕಾರ ತಾಳುತ್ತಿತ್ತು. ದುಂಡು ಕಕ್ಷೆ ಕುಗ್ಗುವಾಗಲೂ ದುಂಡಾಗಿಯೇ ಇರಬೇಕೆಂಬುದು ಸಾಬೀತಾದ ಸಂಗತಿ.

ಮೊದಲು ಸಂಶಯ ಬಂದದ್ದು ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆಯ ಮೇಲೆ. ಆ ಹೆಜ್ಜೆಯ ಗಾತ್ರ ಕುಗ್ಗಿಸಿದರೆ ಲೆಕ್ಕ ರಾತ್ರಿಯಿಡೀ ಓಡುತ್ತದೆ, ನಡುವೆ ಕರೆಂಟ್ ಹೋಗುತ್ತದೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆಯಾದರೂ ರಾತ್ರಿಯ ಹೊತ್ತು ಅದನ್ನು ದೂರಿ ಫಲವಿಲ್ಲ. ತುಮಕೂರಿನ ಅಂಗಡಿಯವರು ಯುಪಿಎಸ್ ಬ್ಯಾಟರಿಯನ್ನು ನಾಳೆ ತರಿಸುತ್ತೇವೆಂದು ಹೇಳುತ್ತಲೇ ಇದ್ದಾರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿಲ್ಲ, ಅಷ್ಟೇ.

ಕಾಯುವಾಗ ಮುಂದಿನ ಯೋಜನೆ ಹೊಳೆಯಿತು. ಭ್ರಮಣವಿಲ್ಲದ ಇದೇ ರಾಶಿಯ ಕುಳಿಯ ಕೊನೆಯ ಸ್ಥಿರ ಕಕ್ಷೆಯಿಂದ (ಅದಕ್ಕಿಂತ ಒಳಕ್ಕೆ ಹೋದರೆ ಬೀಳುವುದೇ) ಹೊರಡುವ ಅಲೆಯ ಆವರ್ತನ ಸುಮಾರು 4.4 ಮಿಲಿಹರ್ಟ್ಸ್, 2035ರ ಸುಮಾರಿಗೆ ಹಾರಲಿರುವ ಲೀಸಾ ಎಂಬ ಬಾಹ್ಯಾಕಾಶದ ಗುರುತ್ವ ಅಲೆ ಶೋಧಕ ಆಲಿಸುವುದು ಇಂಥವನ್ನೇ. ಒಂದು ಲಕ್ಷ ಪಟ್ಟು ವೇಗವಾಗಿ ನುಡಿಸಿದರೆ 440 ಹರ್ಟ್ಸ್ ಆಗುವುದರಿಂದ, ಮನೆಯ ಹಾರ್ಮೋನಿಯಂ ಜೊತೆ ಅದರ ಶ್ರುತಿ ನೋಡುವ ಆಸೆಯಿದೆ.

ಭ್ರಮಣದ ಚಿಹ್ನೆ ಬದಲಾದರೆ ದೋಷದ ದಿಕ್ಕೂ ಬದಲಾಗುವುದೇ ಸುಳಿವಾಯಿತು, ಏಕೆಂದರೆ ಹೆಜ್ಜೆಗಾತ್ರದ ದೋಷ ಚಿಹ್ನೆ ಕೇಳಿಕೊಂಡು ಬರುವುದಿಲ್ಲ. ದುಂಡು ಕಕ್ಷೆಯಲ್ಲಿ ಶಕ್ತಿಯ ನಷ್ಟವು, ಕೋನೀಯ ಸಂವೇಗದ ನಷ್ಟವನ್ನು ಕಕ್ಷೆಯ ಕೋನೀಯ ವೇಗದಿಂದ ಗುಣಿಸಿದಷ್ಟೇ ಇರಬೇಕು. ಪೀಟರ್ಸ್ ಸೂತ್ರಗಳ ಅನುಪಾತದಿಂದ ಬರುವುದು ಕೆಪ್ಲರನ ವೇಗ. ಶ್ವಾರ್ಟ್ಸ್‌ಚೈಲ್ಡ್ ಕುಳಿಯಲ್ಲಿ ನಿಜವಾದ ವೇಗವೂ ಅದೇ ಆದ್ದರಿಂದ ಅಲ್ಲಿ ಗುಟ್ಟು ರಟ್ಟಾಗಿರಲಿಲ್ಲ. ಕೆರ್ ಕುಳಿಯಲ್ಲಿ ವೇಗದ ಸೂತ್ರದ ಛೇದಕ್ಕೆ ಭ್ರಮಣವೂ ಸೇರಿಕೊಂಡು, ತ್ರಿಜ್ಯ 6 (GM/c² ಏಕಮಾನದಲ್ಲಿ) ಇರುವಲ್ಲಿ 14.70 ಹೋಗಿ 15.60 ಆಗುತ್ತದೆ. ಈ ಶೇ 6ರ ಅಂತರವನ್ನೆಲ್ಲ ಪಾಪದ ಉತ್ಕೇಂದ್ರತೆಯೇ ಹೊರಬೇಕಾಗುತ್ತದೆ.

ಉತ್ಕೇಂದ್ರತೆ ಸೊನ್ನೆಯಿರುವಲ್ಲಿ ಉಳಿಯುವ ಈ ಅಂತರವನ್ನು ಶಕ್ತಿಯ ಸೂತ್ರದಿಂದಲೇ ಕಳೆಯುವ ಉಪಾಯವನ್ನು ಗೇರ್ ಮತ್ತು ಗ್ಲಾಂಪೆಡಾಕಿಸ್ 2006ರಲ್ಲಿ ತೋರಿಸಿದ್ದರು. ಅದನ್ನು ಸೇರಿಸಿದ ಮೇಲೆ 0.9ಕ್ಕೆ ತ್ರಿಜ್ಯ 2.32ರವರೆಗೂ, −0.9ಕ್ಕೆ 8.72ರವರೆಗೂ, ಅಂದರೆ ಕೊನೆಯ ಸ್ಥಿರ ಕಕ್ಷೆಯವರೆಗೂ, ಕಕ್ಷೆ ದುಂಡಾಗಿಯೇ ಇಳಿಯಿತು. ಹಾಗೆಂದು 2.32ರ ಆಸುಪಾಸಿನಲ್ಲಿ ಇಳಿಯಲು ಹಿಡಿದ ಕಾಲವನ್ನು ನಂಬುವಂತಿಲ್ಲ. ಅಷ್ಟು ಒಳಗೆ ದುರ್ಬಲ ಕ್ಷೇತ್ರದ ಸೂತ್ರಕ್ಕೆ ಬೆಲೆಯಿಲ್ಲದ ಕಾರಣ, ಕೆರ್ ಕುಳಿಯ ಸುತ್ತಲ ಅಲೆಗಳನ್ನು ಪ್ರಬಲ ಕ್ಷೇತ್ರದಲ್ಲೂ ಲೆಕ್ಕಹಾಕುವ ಟ್ಯುಕೋಲ್ಸ್ಕಿ ಸಮೀಕರಣದಿಂದ ನಷ್ಟದ ಕೋಷ್ಟಕವನ್ನು ಸಿದ್ಧಪಡಿಸಿಕೊಳ್ಳಬೇಕಿದೆ.